ಬೇರೆಯವರ ಸರ್ವರ್, ನಮ್ಮ ಪುಟ: ಆ ಒಂದು ಸಾಲು ಅಂಟಿಸುವ ಮುಂಚೆ

ಹಿಂದೊಮ್ಮೆ ಒಂದು ಸಣ್ಣ ವೆಬ್‌ಸೈಟ್ ಮಾಡಿದ್ದೆ. ಪುಟದ ಬಲಬದಿ ಸ್ವಲ್ಪ ಬೋಳಾಗಿ ಕಾಣುತ್ತಿತ್ತು. ಅಲ್ಲಿಗೊಂದು ಹವಾಮಾನದ ಡಬ್ಬಿ ಹಾಕಿದೆ. ಕಷ್ಟವೇನೂ ಇರಲಿಲ್ಲ. ಯಾರೋ ಪುಕ್ಕಟೆ ಕೊಡುತ್ತಿದ್ದರು. "ಈ ಸಾಲನ್ನು ಕಾಪಿ ಮಾಡಿ, ನಿಮ್ಮ ಪುಟದಲ್ಲಿ ಅಂಟಿಸಿ" ಎಂದು ಬರೆದಿತ್ತು. ಅಂಟಿಸಿದೆ. ಮೋಡದ ಚಿತ್ರ, ಉಷ್ಣಾಂಶ ಎಲ್ಲ ಬಂತು. ಖುಷಿಪಟ್ಟು ಮರೆತೂಬಿಟ್ಟೆ.

ಎರಡು ವರ್ಷ ಆದ ಮೇಲೆ ಗೆಳೆಯನೊಬ್ಬ ಫೋನ್ ಮಾಡಿದ. "ನಿನ್ನ ಸೈಟ್ ತೆರೆದರೆ ಲಾಟರಿ ಹೊಡೆದಿದೆ ಅಂತ ತೋರಿಸ್ತಿದೆಯಲ್ಲೋ" ಅಂದ. ನಾನು ತೆರೆದು ನೋಡಿದರೆ ಎಲ್ಲ ಸರಿಯಾಗೇ ಇದೆ. ಅವನ ಮೊಬೈಲ್‌ನಲ್ಲಿ ಮಾತ್ರ ಲಾಟರಿ. ನನ್ನ ಸರ್ವರ್‌ಗೆ ಯಾರೋ ನುಗ್ಗಿದ್ದಾರೆ ಅಂದುಕೊಂಡು ಒಂದು ಇಡೀ ಸಂಜೆ ಲಾಗ್ ಫೈಲ್‌ಗಳನ್ನು ಜಾಲಾಡಿದೆ. ಯಾರೂ ನುಗ್ಗಿರಲಿಲ್ಲ. ಹವಾಮಾನದವರು ಯಾವಾಗಲೋ ಅಂಗಡಿ ಮುಚ್ಚಿದ್ದರು. ಡೊಮೇನ್ ಹೆಸರಿನ ಅವಧಿ ಮುಗಿದಿತ್ತು. ಅದನ್ನು ಬೇರೆ ಯಾರೋ ಕೊಂಡುಕೊಂಡಿದ್ದರು. ನನ್ನ ಪುಟ ಮಾತ್ರ ನಿಯತ್ತಾಗಿ ದಿನವೂ ಅದೇ ವಿಳಾಸಕ್ಕೆ ಹೋಗಿ, ಅಲ್ಲಿ ಕೊಟ್ಟಿದ್ದನ್ನು ತಂದು ಓದುಗರ ಮೊಬೈಲ್‌ನಲ್ಲಿ ಓಡಿಸುತ್ತಿತ್ತು.

ನಾನು ಅಂಟಿಸಿದ್ದು ಒಂದು ವಿಳಾಸವನ್ನು ಎಂಬುದು ಆಗ ತಲೆಗೆ ಹೊಳೆಯಿತು. ಅಂಟಿಸಿದ ದಿನ ಆ ವಿಳಾಸದಲ್ಲಿ ಯಾರಿದ್ದರು ಎಂದು ಗೊತ್ತಿತ್ತು. ಆಮೇಲೆ ಯಾರು ಬಂದು ಕೂರುತ್ತಾರೆ ಎಂದು ಕೇಳಿಯೇ ಇರಲಿಲ್ಲ.

ಇವತ್ತಿನ ವೆಬ್ ನಿಂತಿರುವುದೇ ಇಂಥ ಸಾಲುಗಳ ಮೇಲೆ. ವಿಡಿಯೊ, ನಕಾಶೆ, ಜಾಹೀರಾತು, ಪಂದ್ಯದ ಸ್ಕೋರು, ಚಾಟ್ ಡಬ್ಬಿ, ಓದುಗರ ಲೆಕ್ಕ, ಅಕ್ಷರದ ಫಾಂಟು, ಎಲ್ಲವೂ ಬೇರೆ ಕಡೆಯಿಂದ ಬರುತ್ತವೆ. ಹತ್ತು ಪುಟ ತೆಗೆದುಕೊಂಡರೆ ಒಂಬತ್ತರಲ್ಲಾದರೂ ಹೊರಗಿನವರ ಒಂದಲ್ಲ ಒಂದು ವಸ್ತು ಇರುತ್ತದೆ. ತಪ್ಪೇನಿಲ್ಲ. ಎಲ್ಲವನ್ನೂ ನಾವೇ ಮಾಡಿಕೊಳ್ಳುತ್ತಾ ಕೂತರೆ ಪುಟ ಮುಗಿಯುವುದೇ ಇಲ್ಲ. ಆದರೆ ಹೊರಗಿನದನ್ನು ಒಳಗೆ ತರಲು ಮೂರು ದಾರಿಗಳಿವೆ. ಮೂರಕ್ಕೂ ಅಜಗಜಾಂತರ. ಜಾಸ್ತಿ ಜನ ಆರಿಸಿಕೊಳ್ಳುವುದು ಅವುಗಳಲ್ಲಿ ಅಪಾಯದ ದಾರಿಯನ್ನೇ. ಯಾಕೆಂದರೆ ಅದು ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಆ ಸಾಲೇ ಸ್ಕ್ರಿಪ್ಟ್ ಟ್ಯಾಗ್. ಬ್ರೌಸರ್ ಪುಟವನ್ನು ಮೇಲಿಂದ ಕೆಳಕ್ಕೆ ಓದುತ್ತಾ ಬರುತ್ತದೆ. ಈ ಟ್ಯಾಗ್ ಸಿಕ್ಕ ಕೂಡಲೇ ಅಲ್ಲೇ ನಿಲ್ಲುತ್ತದೆ. ಅದರಲ್ಲಿರುವ ವಿಳಾಸಕ್ಕೆ ಹೋಗಿ, ಅಲ್ಲಿಂದ ಬಂದ ಜಾವಾಸ್ಕ್ರಿಪ್ಟನ್ನು ಓಡಿಸಿ, ಆಮೇಲೆ ಮುಂದಿನ ಸಾಲಿಗೆ ಬರುತ್ತದೆ. ಹಾಗೆ ಓಡುವ ಕೋಡ್ ನಮ್ಮದೋ ಪರರದೋ ಎಂಬ ಭೇದ ಬ್ರೌಸರ್‌ಗೆ ಇಲ್ಲ. ನಮ್ಮ ಪುಟದಲ್ಲಿ ಓಡುತ್ತಿದೆ ಅಂದಮೇಲೆ ಅದು ನಮ್ಮದೇ. ಫಾರಂನಲ್ಲಿ ಓದುಗ ಟೈಪ್ ಮಾಡುವುದನ್ನು ಓದಬಹುದು. ಲಾಗಿನ್ ಆಗಿದ್ದರೆ ಅವನ ಹೆಸರಿನಲ್ಲೇ ನಮ್ಮ ಸರ್ವರ್‌ಗೆ ಬೇಡಿಕೆ ಕಳಿಸಬಹುದು. ಇಡೀ ಪುಟವನ್ನೇ ಅಳಿಸಿ ಬೇರೆ ಬರೆಯಬಹುದು. ಉಷ್ಣಾಂಶ ಹೇಳಲು ಬಂದವನ ಕೈಗೆ ಬೀರುವಿನ ಕೀಲಿ ಕೊಟ್ಟ ಹಾಗೆ.

"ಬ್ರೌಸರ್‌ಗಳು ಒಂದು ಸೈಟ್ ಇನ್ನೊಂದನ್ನು ಮುಟ್ಟದ ಹಾಗೆ ತಡೆಯುತ್ತವಲ್ಲ?" ಎಂದು ಕೇಳಬಹುದು. ತಡೆಯುತ್ತವೆ. ಸೇಮ್ ಆರಿಜಿನ್ ಎಂಬ ಈ ನಿಯಮ 1990ರ ದಶಕದ ಮಧ್ಯದಲ್ಲಿ, ನೆಟ್‌ಸ್ಕೇಪ್ ನ್ಯಾವಿಗೇಟರ್ 2 ಎಂಬ ಬ್ರೌಸರಿನ ಕಾಲದಲ್ಲಿ, ಜಾವಾಸ್ಕ್ರಿಪ್ಟ್ ಜತೆಗೇ ಬಂದದ್ದು. ಒಂದು ಸೈಟಿನ ಕೋಡ್ ಇನ್ನೊಂದು ಸೈಟಿನ ಮಾಹಿತಿಯನ್ನು ಓದುವ ಹಾಗಿಲ್ಲ ಎನ್ನುತ್ತದೆ ಅದು. ಆದರೆ ಚಿತ್ರ ಮತ್ತು ಸ್ಕ್ರಿಪ್ಟನ್ನು ಎಲ್ಲಿಂದ ಬೇಕಾದರೂ ತಂದು ಬಳಸಬಹುದು ಎಂಬ ಸಡಿಲಿಕೆ ಮೊದಲಿನಿಂದಲೂ ಉಳಿದುಕೊಂಡಿದೆ. ಆ ಕಿಂಡಿ ಇವತ್ತಿಗೂ ತೆರೆದೇ ಇದೆ. ಈಗ ಮುಚ್ಚಿದರೆ ಅರ್ಧ ವೆಬ್ ಬಿದ್ದುಹೋಗುತ್ತದೆ.

ಇದೇ ಕಿಂಡಿಯನ್ನು ಬಳಸಿ 2005ರ ಕೊನೆಗೆ ಜೇಸನ್‌ಪಿ ಎಂಬ ಜಾಣ ಉಪಾಯ ಹುಟ್ಟಿತು. ಬೇರೆ ಸರ್ವರಿನಿಂದ ಮಾಹಿತಿ ಓದುವಂತಿಲ್ಲ, ಸ್ಕ್ರಿಪ್ಟ್ ತರಬಹುದು. ಸರಿ, ಹಾಗಾದರೆ ಮಾಹಿತಿಯನ್ನೇ ಸ್ಕ್ರಿಪ್ಟಿನಲ್ಲಿ ಸುತ್ತಿ ಕಳಿಸಿದರಾಯಿತು! ಕೆಲಸ ಆಯಿತು, ವರ್ಷಗಟ್ಟಲೆ ಎಲ್ಲರೂ ಬಳಸಿದರು. ಆದರೆ ಕಾಗದ ಬರುವುದು ಬೇರೆ, ಕಾಗದ ತಂದ ಆಳು ಮನೆಯೊಳಗೆ ಬಂದು ಅದನ್ನು ಓದಿ ಹೇಳುವುದು ಬೇರೆ. ಆಮೇಲೆ, ಬೇರೆ ಸರ್ವರ್ ಒಪ್ಪಿದರೆ ಅದರ ಮಾಹಿತಿ ಓದಲು ಬಿಡುವ ಕಾರ್ಸ್ ಎಂಬ ನೇರ ದಾರಿ ಬಂದು, 2014ರಲ್ಲಿ ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಅದಕ್ಕೆ ಅಧಿಕೃತ ಮುದ್ರೆ ಒತ್ತಿತು. ಈಗ ಯಾರಾದರೂ ಜೇಸನ್‌ಪಿ ಮಾತ್ರ ಕೊಡುತ್ತೇವೆ ಅಂದರೆ ಅವರ ಸಹವಾಸ ಬಿಡುವುದು ಒಳ್ಳೆಯದು.

ಕಾರ್ಸ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಹೊಸಬರಲ್ಲಿ ತುಂಬಾ ಇದೆ. ಅದು ನಮ್ಮ ಪುಟವನ್ನು ಕಾಯುತ್ತದೆ ಎಂದುಕೊಂಡಿರುತ್ತಾರೆ. ಅದು ಕಾಯುವುದು ಆ ಕಡೆಯ ಸರ್ವರಿನ ಮಾಹಿತಿಯನ್ನು. "ನನ್ನ ಮಾಹಿತಿಯನ್ನು ಇಂಥ ಸೈಟಿನ ಪುಟಗಳು ಓದಬಹುದು" ಎಂದು ಆ ಸರ್ವರ್ ಕೊಡುವ ಒಪ್ಪಿಗೆ ಚೀಟಿ ಅದು. ನಾವೇ ಕರೆದು ಕೂರಿಸಿದ ಸ್ಕ್ರಿಪ್ಟಿನಿಂದ ನಮ್ಮನ್ನು ಕಾಯುವ ಕೆಲಸ ಅದರದಲ್ಲ.

2024ರಲ್ಲಿ ನನ್ನ ಹವಾಮಾನದ ಡಬ್ಬಿಯ ಕಥೆಯೇ ದೊಡ್ಡ ಮಟ್ಟದಲ್ಲಿ ನಡೆಯಿತು. ಪಾಲಿಫಿಲ್ ಎಂಬ ಸೇವೆ ಇತ್ತು. ಹಳೆಯ ಬ್ರೌಸರ್‌ಗಳಲ್ಲಿ ಇಲ್ಲದ ಸೌಲಭ್ಯಗಳನ್ನು ತುಂಬಿಕೊಡುವ ಸ್ಕ್ರಿಪ್ಟ್ ಅದು. ಒಂದೇ ಸಾಲು, ಪುಕ್ಕಟೆ, ಎಲ್ಲರ ನಂಬಿಕೆ. ಆ ವರ್ಷ ಫೆಬ್ರವರಿಯಲ್ಲಿ ಅದರ ಡೊಮೇನ್ ಫನ್‌ನಲ್ ಎಂಬ ಚೀನಾದ ಕಂಪನಿಯ ಕೈಗೆ ಹೋಯಿತು. ಆ ಸೇವೆಯನ್ನು ಮೊದಲು ಕಟ್ಟಿದ ಆ್ಯಂಡ್ರ್ಯೂ ಬೆಟ್ಸ್ ಆಗಲೇ "ಕೂಡಲೇ ತೆಗೆದುಹಾಕಿ" ಎಂದು ಹೇಳಿದರು. ಬಹಳ ಮಂದಿ ಕೇಳಿಸಿಕೊಳ್ಳಲಿಲ್ಲ. ಜೂನ್ ಹೊತ್ತಿಗೆ 1 ಲಕ್ಷಕ್ಕೂ ಹೆಚ್ಚು ಸೈಟ್‌ಗಳ ಓದುಗರಿಗೆ ಅದೇ ವಿಳಾಸದಿಂದ ಕೆಟ್ಟ ಕೋಡ್ ಹೋಗುತ್ತಿರುವುದು ಬೆಳಕಿಗೆ ಬಂತು. ಮೊಬೈಲ್‌ನಲ್ಲಿ ಬಂದವರನ್ನು ಅದು ಬೆಟ್ಟಿಂಗ್ ಸೈಟಿಗೆ ತಳ್ಳುತ್ತಿತ್ತು. ಅದೂ ಕೆಲವು ಮೊಬೈಲ್‌ಗಳಲ್ಲಿ, ಕೆಲವು ಹೊತ್ತಿನಲ್ಲಿ ಮಾತ್ರ. ಸೈಟಿನ ಅಡ್ಮಿನ್ ಎಂದು ಸುಳಿವು ಸಿಕ್ಕರೆ ಗುಮ್ಮನೆ ಕೂರುತ್ತಿತ್ತು. ನನ್ನ ಗೆಳೆಯನಿಗೆ ಕಂಡದ್ದು ನನಗೆ ಯಾಕೆ ಕಾಣಲಿಲ್ಲ ಎಂಬುದಕ್ಕೆ ಉತ್ತರ ಬಹುಶಃ ಇಲ್ಲೇ ಇದೆ.

ಇಂಥದ್ದನ್ನು ತಡೆಯಲು ಬ್ರೌಸರ್‌ಗಳಲ್ಲಿ ಉಪಾಯ ಇಲ್ಲವೇ ಅಂದರೆ, ಎರಡು ಇವೆ. ಒಂದು ಸಿಎಸ್‌ಪಿ. ಯಾವ ಯಾವ ಡೊಮೇನ್‌ನಿಂದ ಸ್ಕ್ರಿಪ್ಟ್ ತರಬಹುದು ಎಂಬ ಪಟ್ಟಿಯನ್ನು ನಮ್ಮ ಸರ್ವರ್ ಬ್ರೌಸರ್‌ಗೆ ಮೊದಲೇ ಕೊಡುತ್ತದೆ. ಇನ್ನೊಂದು ಎಸ್‌ಆರ್‌ಐ, 2016ರಲ್ಲಿ ಡಬ್ಲ್ಯು3ಸಿ ಒಪ್ಪಿದ್ದು. ಇದರಲ್ಲಿ ಸ್ಕ್ರಿಪ್ಟಿನ ಬೆರಳಚ್ಚನ್ನು, ಅಂದರೆ ಹ್ಯಾಶನ್ನು, ಟ್ಯಾಗ್‌ನಲ್ಲೇ ಬರೆದಿಡುತ್ತೇವೆ. ಬಂದ ಫೈಲ್‌ನಲ್ಲಿ ಒಂದು ಅಕ್ಷರ ಆಚೀಚೆ ಆದರೂ ಬ್ರೌಸರ್ ಓಡಿಸುವುದಿಲ್ಲ.

ಎರಡೂ ಒಳ್ಳೆಯ ಕಾವಲುಗಾರರೇ. ಆದರೆ ಪಾಲಿಫಿಲ್ ವಿಷಯದಲ್ಲಿ ಇಬ್ಬರೂ ಕೈಚೆಲ್ಲುತ್ತಿದ್ದರು. ಸಿಎಸ್‌ಪಿ ಪಟ್ಟಿಯಲ್ಲಿ ಆ ಡೊಮೇನನ್ನು ನಾವೇ ಬರೆದಿರುತ್ತಿದ್ದೆವು. ಡೊಮೇನ್ ಅದೇ, ಒಳಗಿನ ಮನುಷ್ಯ ಬೇರೆ. ಪಟ್ಟಿಗೆ ಅದು ಹೇಗೆ ಗೊತ್ತಾಗಬೇಕು? ಇನ್ನು ಎಸ್‌ಆರ್‌ಐ ಬಳಸುವ ಹಾಗೇ ಇರಲಿಲ್ಲ. ಬಂದ ಬ್ರೌಸರ್ ಯಾವುದು ಎಂದು ನೋಡಿ ಅದಕ್ಕೆ ತಕ್ಕ ಕೋಡ್ ಕೊಡುವುದೇ ಪಾಲಿಫಿಲ್‌ನ ಹೆಚ್ಚುಗಾರಿಕೆ. ಒಬ್ಬೊಬ್ಬರಿಗೆ ಒಂದೊಂದು ಕೋಡ್ ಅಂದಮೇಲೆ ಯಾವ ಬೆರಳಚ್ಚು ಬರೆದಿಡುತ್ತೀರಿ?

ಬದಲಾಗುವ ವಸ್ತು ಬೇಕು ಎಂದೇ ಅಲ್ಲವೇ ನಾವು ಹೊರಗಿನ ಸರ್ವರ್‌ಗೆ ಹೋಗುವುದು? ಅದು ಬದಲಾಗದ ಹಾಗೆ ಬೀಗ ಹಾಕಿದರೆ ಹೋಗಿದ್ದೇ ದಂಡ. ಹೀಗಾಗಿ ಸ್ಕ್ರಿಪ್ಟ್ ದಾರಿಯಲ್ಲಿ ಬದಲಾಗುವ ಮಾಹಿತಿ ಮತ್ತು ಬದಲಾಗುವ ಕೋಡ್ ಎರಡೂ ಒಂದೇ ಪೊಟ್ಟಣದಲ್ಲಿ ಬರುತ್ತವೆ. ನಮಗೆ ಬೇಕಾದ್ದು ಮೊದಲನೆಯದು. ಎರಡನೆಯದನ್ನು ನಾವು ಕೇಳಿಯೇ ಇರಲಿಲ್ಲ.

ಕೊಡುವವರು ಪ್ರಾಮಾಣಿಕರಾಗಿದ್ದರೂ ಕಥೆ ಬದಲಾಗುವುದಿಲ್ಲ. ಅವರ ಮನೆಗೆ ಕಳ್ಳ ಬಿದ್ದರೆ ನಮ್ಮ ಮನೆಗೂ ಬಿದ್ದಂತೆ. 2018ರ ಫೆಬ್ರವರಿ 11ರಂದು ಬ್ರೌಸಲೌಡ್ ಎಂಬ, ಪುಟವನ್ನು ಗಟ್ಟಿಯಾಗಿ ಓದಿಹೇಳುವ ಸ್ಕ್ರಿಪ್ಟಿಗೆ ಯಾರೋ ಕೋಡ್ ಸೇರಿಸಿದರು. ಓದುಗರ ಕಂಪ್ಯೂಟರಿನಲ್ಲಿ ಸದ್ದಿಲ್ಲದೆ ಮೊನೆರೊ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ ಮಾಡುವ ಕೋಡ್ ಅದು. ನಾಲ್ಕು ಸಾವಿರಕ್ಕೂ ಹೆಚ್ಚು ಸೈಟ್‌ಗಳು ಏಕಕಾಲಕ್ಕೆ ಸಿಕ್ಕಿಬಿದ್ದವು. ಬ್ರಿಟನ್ನಿನಲ್ಲಿ ಮಾಹಿತಿ ರಕ್ಷಣೆಯನ್ನು ನೋಡಿಕೊಳ್ಳುವ ಐಸಿಒ ಕಚೇರಿಯ ಸೈಟೇ ಆ ಸಾಲಿನಲ್ಲಿತ್ತು! ಅದೇ ವರ್ಷ ಟಿಕೆಟ್‌ಮಾಸ್ಟರ್‌ನ ಹಣ ಪಾವತಿ ಪುಟದಲ್ಲಿದ್ದ ಚಾಟ್ ಡಬ್ಬಿಯ ಸ್ಕ್ರಿಪ್ಟ್ ಕೆಟ್ಟು, ಕಾರ್ಡ್ ವಿವರಗಳು ಸೋರಿದವು. ಯುರೋಪಿನಲ್ಲಿ 94 ಲಕ್ಷ ಗ್ರಾಹಕರಿಗೆ ಇದರ ಬಿಸಿ ತಟ್ಟಿರಬಹುದು ಎಂದು ಲೆಕ್ಕ ಹಾಕಿದರು. 2020ರಲ್ಲಿ ಐಸಿಒ 12.5 ಲಕ್ಷ ಪೌಂಡ್ ದಂಡ ಹಾಕಿತು. ಚಾಟ್ ಡಬ್ಬಿ ಹೊರಗಿನವರದ್ದು, ದಂಡ ಕಟ್ಟಬೇಕಾದವರು ಪುಟದ ಯಜಮಾನರು.

ಪಾವತಿ ಪುಟದಲ್ಲಿ ಚಾಟ್ ಡಬ್ಬಿಗೆ ಏನು ಕೆಲಸ ಎಂದು ಯಾರೂ ಕೇಳಿರಲಿಲ್ಲ ಅನ್ನಿಸುತ್ತದೆ. ಈಗ ಕೇಳಲೇಬೇಕು. ಕಾರ್ಡ್ ವ್ಯವಹಾರದ ಪಿಸಿಐ ಡಿಎಸ್‌ಎಸ್ 4 ನಿಯಮಗಳಲ್ಲಿ 2025ರ ಮಾರ್ಚ್ 31ರಿಂದ ಹೊಸ ಷರತ್ತು ಕಡ್ಡಾಯವಾಗಿದೆ. ಪಾವತಿ ಪುಟದಲ್ಲಿ ಓಡುವ ಪ್ರತಿ ಸ್ಕ್ರಿಪ್ಟಿನ ಪಟ್ಟಿ ಇರಬೇಕು, ಅದು ಯಾಕೆ ಬೇಕು ಎಂದು ಬರೆದಿಡಬೇಕು, ಅದು ಬದಲಾಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಿರಬೇಕು.

ಕಳ್ಳರ ಮಾತು ಬಿಡಿ. ಸುಮ್ನೆ ನಿಧಾನ ಆದರೂ ಸಾಕು, ಪುಟ ಹಾಳಾಗುತ್ತದೆ. ಇಲ್ಲಿ ಒಂದು ವಿಚಿತ್ರ ಇದೆ. ಹೊರಗಿನ ಸರ್ವರ್ ಪೂರ್ತಿ ಸತ್ತು, "ಇಲ್ಲ" ಎಂದು ಥಟ್ಟನೆ ಹೇಳಿಬಿಟ್ಟರೆ ಅಷ್ಟೇನೂ ತೊಂದರೆ ಇಲ್ಲ. ಬ್ರೌಸರ್ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ. ಬದುಕೂ ಇಲ್ಲದೆ ಸಾವೂ ಇಲ್ಲದೆ ತೂಕಡಿಸುತ್ತಿದ್ದರೆ ಮಾತ್ರ ಗ್ರಹಚಾರ. ಉತ್ತರ ಬರುತ್ತದೇನೋ ಎಂದು ಬ್ರೌಸರ್ ಕಾಯುತ್ತಲೇ ಇರುತ್ತದೆ. ಆ ಸಾಲು ಪುಟದ ಮೇಲ್ಭಾಗದಲ್ಲಿದ್ದರೆ ಓದುಗನಿಗೆ ಕಾಣುವುದು ಬರೀ ಬಿಳಿ ಪರದೆ. ಅಸಿಂಕ್ ಅಥವಾ ಡಿಫರ್ ಎಂದು ಟ್ಯಾಗ್‌ಗೆ ಒಂದು ಪದ ಸೇರಿಸಿದರೆ ಈ ಕಾಯುವಿಕೆ ತಪ್ಪುತ್ತದೆ. ಆಗ ಇನ್ನೊಂದು ಕಾಟ ಶುರು. ಓದುಗ ಎರಡನೇ ಪ್ಯಾರಾ ಓದುತ್ತಿರುವಾಗ ಡಬ್ಬಿ ತಡವಾಗಿ ಬಂದು ಧೊಪ್ಪನೆ ಕೂರುತ್ತದೆ, ಓದುತ್ತಿದ್ದ ಸಾಲು ಕೆಳಕ್ಕೆ ಜಾರುತ್ತದೆ. ಒತ್ತಲು ಹೋದ ಬಟನ್ ಬದಲು ಜಾಹೀರಾತಿನ ಮೇಲೆ ಬೆರಳು ಬಿದ್ದ ಅನುಭವ ಎಲ್ಲರಿಗೂ ಇದೆ ಅಲ್ವಾ? ಡಬ್ಬಿಗೆ ಮೊದಲೇ ಅಗಲ, ಎತ್ತರ ಹೇಳಿ ಜಾಗ ಕಾದಿರಿಸಿದರೆ ಇದು ನಿಲ್ಲುತ್ತದೆ. ಇಷ್ಟು ಸುಲಭದ ಕೆಲಸವನ್ನು ಇಷ್ಟೊಂದು ಜನ ಯಾಕೆ ಮಾಡುವುದಿಲ್ಲವೋ, ನನಗಂತೂ ಅರ್ಥವಾಗಿಲ್ಲ.

"ಎಲ್ಲರೂ ಬಳಸುವ ಸರ್ವರಿನಿಂದ ತಂದರೆ ಬ್ರೌಸರ್ ಹತ್ತಿರ ಆಗಲೇ ಪ್ರತಿ ಇರುತ್ತದೆ, ಬೇಗ ತೆರೆಯುತ್ತದೆ" ಎಂಬ ಹಳೇ ವಾದವೂ ಈಗ ನಡೆಯುವುದಿಲ್ಲ. ಕ್ರೋಮ್ 2020ರಲ್ಲಿ, 86ನೇ ಆವೃತ್ತಿಯಿಂದ, ಕ್ಯಾಶನ್ನು, ಅಂದರೆ ಒಮ್ಮೆ ತಂದದ್ದನ್ನು ಮತ್ತೆ ಬಳಸಲು ಇಟ್ಟುಕೊಳ್ಳುವ ದಾಸ್ತಾನನ್ನು, ಸೈಟಿಗೊಂದರಂತೆ ಬೇರೆ ಮಾಡಿತು. ಸಫಾರಿ ಅದಕ್ಕೂ ಮುಂಚೆಯೇ ಮಾಡಿತ್ತು. ಬೇರೆ ಸೈಟಿನಲ್ಲಿ ಇಳಿದ ಫೈಲ್ ನಮ್ಮ ಸೈಟಿಗೆ ಸಿಗುವುದಿಲ್ಲ, ಮತ್ತೆ ಇಳಿಸಿಕೊಳ್ಳಬೇಕು.

ಓದುಗರ ಖಾಸಗಿತನದ ಪ್ರಶ್ನೆ ಬೇರೆ ಇದೆ. ಹೊರಗಿನ ಸರ್ವರಿನಿಂದ ಒಂದು ಚುಕ್ಕೆಯಷ್ಟು ಚಿತ್ರ ತಂದರೂ ಓದುಗನ ಐಪಿ ವಿಳಾಸ, ಅಂದರೆ ಇಂಟರ್‌ನೆಟ್ಟಿನಲ್ಲಿ ಅವನ ಸಂಪರ್ಕವನ್ನು ಗುರುತಿಸುವ ಸಂಖ್ಯೆ, ಅಲ್ಲಿಗೆ ಹೋಗುತ್ತದೆ. ಯಾವ ಸೈಟಿನಿಂದ ಬಂದ ಎಂಬುದೂ ಸಾಮಾನ್ಯವಾಗಿ ಹೋಗುತ್ತದೆ. 2019ರ ಜುಲೈನಲ್ಲಿ ಯುರೋಪಿನ ಉನ್ನತ ನ್ಯಾಯಾಲಯ ಫ್ಯಾಷನ್ ಐಡಿ ಎಂಬ ಅಂಗಡಿಯ ಪ್ರಕರಣದಲ್ಲಿ ಇದನ್ನು ಸ್ಪಷ್ಟಮಾಡಿತು. ಫೇಸ್‌ಬುಕ್‌ನ ಲೈಕ್ ಬಟನ್ ಹಾಕಿಕೊಂಡವರೂ ಮಾಹಿತಿ ಸಂಗ್ರಹಿಸಿ ರವಾನಿಸುವಷ್ಟರ ಮಟ್ಟಿಗೆ ಫೇಸ್‌ಬುಕ್ ಜತೆ ಹೊಣೆಗಾರರು ಎಂದಿತು. 2022ರ ಜನವರಿಯಲ್ಲಿ ಮ್ಯೂನಿಕ್‌ನ ನ್ಯಾಯಾಲಯ ಗೂಗಲ್ ಫಾಂಟ್ಸ್ ಅನ್ನು ಗೂಗಲ್ ಸರ್ವರಿನಿಂದಲೇ ತಂದ ಸೈಟೊಂದರ ಯಜಮಾನರಿಗೆ, ಓದುಗನಿಗೆ 100 ಯೂರೊ ಪರಿಹಾರ ಕೊಡುವಂತೆ ಹೇಳಿತು. ದುಡ್ಡು ಸಣ್ಣದು. ಆದರೆ ಬರೀ ಅಕ್ಷರದ ಆಕಾರಕ್ಕಾಗಿ ಓದುಗನ ಐಪಿ ಕೊಟ್ಟದ್ದು ತಪ್ಪು ಎಂಬ ಮಾತು ಸಣ್ಣದಲ್ಲ. ಫಾಂಟ್ ಫೈಲನ್ನು ಇಳಿಸಿಕೊಂಡು ನಮ್ಮಲ್ಲೇ ಇಟ್ಟುಕೊಳ್ಳಲು ಹತ್ತು ನಿಮಿಷ ಸಾಕು.

ಎರಡನೇ ದಾರಿ ಐಫ್ರೇಮ್. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ, 1997ರ 4ನೇ ಆವೃತ್ತಿಯಿಂದ ಅಧಿಕೃತವಾಗಿ ಇದೆ. ಇದು ಗೋಡೆಗೆ ಕೊರೆದ ಕಿಟಕಿ. ಆಚೆ ಬೇರೆಯವರ ಮನೆ, ಬೇರೆಯವರ ನಿಯಮ. ಅಲ್ಲಿಂದ ಓದುಗನಿಗೆ ಕೈಬೀಸಬಹುದು, ನಮ್ಮ ಪುಟದ ಫಾರಂ ಓದಲಾಗದು. ವಿಡಿಯೊ, ನಕಾಶೆಯಂಥ ವಸ್ತುಗಳಿಗೆ ಇದೇ ಸರಿ. ಇದಕ್ಕೆ ಸ್ಯಾಂಡ್‌ಬಾಕ್ಸ್ ಎಂಬ ಗುಣ ಸೇರಿಸಿದರೆ ಇನ್ನೂ ಬಿಗಿ. ಸ್ಕ್ರಿಪ್ಟ್ ಓಡಬೇಕೇ, ಫಾರಂ ಕಳಿಸಬಹುದೇ, ಹೊಸ ಕಿಟಕಿ ತೆರೆಯಬಹುದೇ ಎಂದು ಒಂದೊಂದನ್ನೇ ಅನುಮತಿಸಬಹುದು. ಏನೂ ಬರೆಯದಿದ್ದರೆ ಯಾವುದಕ್ಕೂ ಅನುಮತಿ ಇಲ್ಲ.

ಇದರಲ್ಲೂ ತಲೆನೋವು ಇಲ್ಲದಿಲ್ಲ. ಒಳಗಿನ ವಸ್ತುವಿನ ಎತ್ತರ ಹೊರಗಿನ ಪುಟಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಡಬ್ಬಿಯೊಳಗೊಂದು ಸ್ಕ್ರಾಲ್ ಪಟ್ಟಿ ಬಂದು ಮೊಬೈಲ್‌ನಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ. ಒಳಗಿನವರು ಪೋಸ್ಟ್‌ಮೆಸೇಜ್ ಎಂಬ ಸಂದೇಶ ವ್ಯವಸ್ಥೆಯ ಮೂಲಕ ಎತ್ತರವನ್ನು ಹೇಳಿಕಳಿಸಬಹುದು. ಆದರೆ ಆ ಸಂದೇಶ ಯಾರಿಂದ ಬಂತು ಎಂದು ನೋಡದೆ ನಂಬುವ ಕೋಡನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ತೂಕವೂ ಜಾಸ್ತಿ. ವಿಡಿಯೊ ಪ್ಲೇಯರಿನ ಐಫ್ರೇಮ್, ಓದುಗ ಪ್ಲೇ ಒತ್ತುವ ಮುಂಚೆಯೇ ನೂರಾರು ಕೆಬಿ ಕೋಡ್ ಇಳಿಸಿಕೊಂಡಿರುತ್ತದೆ. ಅದಕ್ಕೇ ಜಾಣರು ಮೊದಲು ತಮ್ಮ ಸರ್ವರಿನಲ್ಲೇ ಇಟ್ಟ ಬರೀ ಒಂದು ಚಿತ್ರ ತೋರಿಸುತ್ತಾರೆ. ಓದುಗ ಅದನ್ನು ಒತ್ತಿದ ಮೇಲೆ ನಿಜವಾದ ಪ್ಲೇಯರನ್ನು ಕರೆಸುತ್ತಾರೆ. ಒತ್ತದವನ ಡೇಟಾ ಉಳಿಯಿತು, ಅವನ ಐಪಿಯೂ ಎಲ್ಲಿಗೂ ಹೋಗಲಿಲ್ಲ.

ಮೂರನೆಯದು ನನಗೆ ಇಷ್ಟವಾದ ದಾರಿ. ಓದುಗನ ಬ್ರೌಸರ್ ಬದಲು ನಮ್ಮ ಸರ್ವರೇ ಆಚೆ ಹೋಗಿ ಮಾಹಿತಿ ತರುವುದು. ಹವಾಮಾನದ ಲೆಕ್ಕವೇ ಇರಲಿ. ನಮ್ಮ ಸರ್ವರ್ ಅರ್ಧ ಗಂಟೆಗೊಮ್ಮೆ ಹೋಗಿ ಜೇಸನ್ ಎಂಬ ಸರಳ ಬರಹದ ರೂಪದಲ್ಲಿ ಮಾಹಿತಿ ತರುತ್ತದೆ. ಅದರಲ್ಲಿ ಉಷ್ಣಾಂಶದ ಜಾಗದಲ್ಲಿ ಸಂಖ್ಯೆ ಇದೆಯೇ ಎಂದು ನೋಡುತ್ತದೆ. ಇದ್ದರೆ ನಮ್ಮದೇ ಡಬ್ಬಿಯಲ್ಲಿ, ನಮ್ಮದೇ ಅಕ್ಷರಗಳಲ್ಲಿ ಬರೆದು ಇಟ್ಟುಕೊಳ್ಳುತ್ತದೆ. ಸಾವಿರ ಓದುಗರು ಬಂದರೂ ಇಟ್ಟುಕೊಂಡದ್ದನ್ನೇ ಕೊಡುತ್ತದೆ. ನಾಳೆ ಆ ವಿಳಾಸವನ್ನು ಲಾಟರಿಯವರು ಕೊಂಡರೂ, ಸಂಖ್ಯೆ ಇರಬೇಕಾದ ಕಡೆ ಅವರ ಕೋಡ್ ಬಂದರೆ ಅದು ಕಸದ ಬುಟ್ಟಿಗೆ. ಬರುವುದು ಕಾಗದ ಮಾತ್ರ, ಆಳು ಹೊಸ್ತಿಲು ದಾಟುವುದೇ ಇಲ್ಲ. ಎಪಿಐ ಕೀಲಿ, ಅಂದರೆ ಮಾಹಿತಿ ಕೇಳಲು ಆ ಸೇವೆಯವರು ನಮಗೆ ಕೊಟ್ಟ ಗುಟ್ಟಿನ ಪದ, ಇದ್ದರೆ ಅದೂ ನಮ್ಮ ಸರ್ವರಿನಲ್ಲೇ ಉಳಿಯುತ್ತದೆ. ಬ್ರೌಸರಿನಿಂದಲೇ ತರಿಸಿದರೆ ಪುಟದ ಮೂಲ ತೆರೆದು ನೋಡುವ ಯಾರಿಗಾದರೂ ಆ ಕೀಲಿ ಸಿಗುತ್ತದೆ.

ಎಚ್ಚರ ಬೇಕಾದ ಜಾಗ ಒಂದಿದೆ. ಆಚೆಯಿಂದ ಬಂದದ್ದು ಬರೀ ಸಂಖ್ಯೆಯಲ್ಲದೆ ಬರಹವೂ ಆಗಿದ್ದರೆ ಅದನ್ನು ಎಚ್‌ಟಿಎಂಎಲ್ ಎಂದು ತಿಳಿದು ಹಾಗೇ ಪುಟಕ್ಕೆ ಸುರಿಯಬಾರದು. ಬರಹವಾಗಿಯೇ ತೋರಿಸಬೇಕು. ಸುರಿದುಬಿಟ್ಟರೆ ಮುಂಬಾಗಿಲಲ್ಲಿ ತಡೆದವನನ್ನು ಹಿತ್ತಲಿನಿಂದ ಕರೆದಂತೆ.

ಇದೆಲ್ಲ ಪುಕ್ಕಟೆಯಲ್ಲ. ಒಂದು ಸಾಲಿನ ಬದಲು ಐವತ್ತು ಸಾಲು ಬರೆಯಬೇಕು. ಒಬ್ಬೊಬ್ಬ ಓದುಗನಿಗೂ ಬೇರೆ ಬೇರೆ ವಸ್ತು ತೋರಿಸಬೇಕಾದರೆ ಕ್ಯಾಶ್ ಕೆಲಸಕ್ಕೆ ಬರುವುದಿಲ್ಲ. ಕೆಲವು ಸೇವೆಗಳ ಕರಾರಿನಲ್ಲಿ ಹೀಗೆ ಇಟ್ಟುಕೊಳ್ಳಬಾರದು ಎಂದೇ ಇರುತ್ತದೆ. ಜಾಹೀರಾತಿನವರಂತೂ ಸ್ಕ್ರಿಪ್ಟ್ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಅಂಥಲ್ಲಿ ಬೇರೆ ದಾರಿ ಇಲ್ಲ, ಒಪ್ಪಿಕೊಳ್ಳಬೇಕು. ಆದರೆ ಲಾಗಿನ್, ಪಾವತಿ ಪುಟಗಳಲ್ಲಿ ಮಾತ್ರ ಯಾರನ್ನೂ ಬಿಟ್ಟುಕೊಳ್ಳಬೇಡಿ.

ಕೊಡುವವರ ಮನಸ್ಸು ಬದಲಾದರೆ ಏನು ಎಂಬುದನ್ನೂ ಯೋಚಿಸಬೇಕು. 2017ರಲ್ಲಿ ಫೋಟೊಬಕೆಟ್ ಹೊರಗಿನ ಪುಟಗಳಲ್ಲಿ ಚಿತ್ರ ತೋರಿಸಲು ವರ್ಷಕ್ಕೆ 399 ಡಾಲರ್ ಎಂದು ಹೇಳಿದಾಗ ಲೆಕ್ಕವಿಲ್ಲದಷ್ಟು ಪುಟಗಳಲ್ಲಿ ಚಿತ್ರದ ಜಾಗದಲ್ಲಿ ಶುಲ್ಕದ ನೋಟಿಸ್ ಬಂದು ಕೂತಿತು. 2022ರ ಏಪ್ರಿಲ್‌ನ ಟ್ವಿಟ್ಟರ್ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಟ್ವೀಟ್ ಅಂಟಿಸುವ ಕೋಡ್‌ನಲ್ಲಿ ಟ್ವೀಟಿನ ಮಾತುಗಳು ನಮ್ಮ ಪುಟದಲ್ಲೇ ಉದ್ಧರಣೆಯಾಗಿ ಇರುತ್ತವೆ, ಸ್ಕ್ರಿಪ್ಟ್ ಬಂದು ಅದಕ್ಕೆ ಅಲಂಕಾರ ಮಾಡುತ್ತದೆ. ಬರೆದವರು ಟ್ವೀಟ್ ಅಳಿಸಿದರೂ ಮಾತು ಉಳಿಯುತ್ತಿತ್ತು. ಬಹಳ ಒಳ್ಳೆಯ ಏರ್ಪಾಡು. ಆ ತಿಂಗಳು ಸ್ಕ್ರಿಪ್ಟನ್ನು ಬದಲಾಯಿಸಿದರು. ಅಳಿಸಿದ ಟ್ವೀಟ್‌ಗಳ ಜಾಗದಲ್ಲಿ ಖಾಲಿ ಡಬ್ಬಿ ಕಾಣತೊಡಗಿತು. ಮಾತುಗಳು ನಮ್ಮ ಪುಟದಲ್ಲೇ ಇದ್ದವು, ನಮ್ಮ ಪುಟದಲ್ಲೇ ಓಡುವ ಅವರ ಕೋಡ್ ಅವನ್ನು ಮುಚ್ಚಿಹಾಕಿತ್ತು. ಗಲಾಟೆಯಾದ ಮೇಲೆ ಹಿಂದೆ ತೆಗೆದುಕೊಂಡರು ಅನ್ನಿ. ನಾನಂತೂ ಅಂದಿನಿಂದ ಉದ್ಧರಣೆಯನ್ನು ಮಾತ್ರ ಇಟ್ಟುಕೊಂಡು ಸ್ಕ್ರಿಪ್ಟ್ ಸಾಲನ್ನು ಅಳಿಸಿಬಿಡುತ್ತೇನೆ. ಅಲಂಕಾರ ಇಲ್ಲ, ಲಿಂಕ್ ಇದೆ, ಮಾತು ಇದೆ.

ನಿಮ್ಮ ಪುಟ ಯಾರ ಯಾರ ಮನೆ ಬಾಗಿಲು ತಟ್ಟುತ್ತಿದೆ ಎಂದು ನೋಡಬೇಕಾದರೆ ಕಂಪ್ಯೂಟರಿನ ಬ್ರೌಸರಿನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಭಾಗಕ್ಕೆ ಹೋಗಿ, ಪುಟವನ್ನು ಮತ್ತೆ ತೆರೆಯಿರಿ. ಡೊಮೇನ್ ಕಾಲಂ ನೋಡಿ. ನಾನು ಮೊದಲ ಸಲ ನೋಡಿದಾಗ ಹೊರಗಿನ ಹನ್ನೊಂದು ಹೆಸರುಗಳಿದ್ದವು. ಅಂಟಿಸಿದ ನೆನಪಿದ್ದದ್ದು ನಾಲ್ಕು. ಉಳಿದ ಏಳನ್ನು ಆ ನಾಲ್ವರೇ ಕರೆತಂದಿದ್ದರು.

ಹವಾಮಾನದ ಡಬ್ಬಿ ಈಗಲೂ ಇದೆ. ಉಷ್ಣಾಂಶದ ಕೆಳಗೆ ಸಣ್ಣಕ್ಷರದಲ್ಲಿ ಅದು ಯಾವ ಹೊತ್ತಿನದು ಎಂದು ಬರುತ್ತದೆ. ಮಾಹಿತಿ ತರಲು ಎರಡು ಸೆಕೆಂಡ್ ಗಡುವು. ಸಿಗದಿದ್ದರೆ ಹಳೆಯದೇ ಇರುತ್ತದೆ. ಅದು ಆರು ಗಂಟೆಗಿಂತ ಹಳೆಯದಾದರೆ ಡಬ್ಬಿಯೇ ಮಾಯವಾಗುತ್ತದೆ. ಇತ್ತೀಚೆಗೆ ಆ ಕಡೆಯ ಸರ್ವರ್ ಎರಡು ದಿನ ಮಲಗಿತ್ತು. ಓದುಗರೊಬ್ಬರು ಮೇಲ್ ಹಾಕಿದ್ದರು: "ಬಲಗಡೆ ಏನೋ ಇತ್ತಲ್ಲ, ತೆಗೆದುಬಿಟ್ರಾ?"